ಸಣ್ಣ ಮೇಸ್ತ್ರಿ ಓಡಲು ಕಲಿತದ್ದು

ಏಳು ವರ್ಷ ನೆಲಕ್ಕೆ ಟೈಲ್ಸ್ ಹಾಕಿದವನ ಮೈ ಎಂಥದ್ದೆಂದು ಸಣ್ಣ ಮೇಸ್ತ್ರಿಗೆ ತಿಳಿದದ್ದು, ಓಡಲು ಹೊರಟ ಮೊದಲ ಬೆಳಿಗ್ಗೆ. ತೋಳು ಗಟ್ಟಿಮುಟ್ಟಾಗಿದ್ದವು. ಟೈಲ್ಸ್ ಪೆಟ್ಟಿಗೆ ಹೊತ್ತು ಪಳಗಿದವನಿಗೆ ಕಂಬಿಗೆ ಜೋತುಬಿದ್ದು ಗದ್ದ ಮೇಲೇರಿಸುವುದು ನೀರು ಕುಡಿದಷ್ಟು ಸಲೀಸು. ಆದರೆ ದಿನವಿಡೀ ಕುಕ್ಕರುಗಾಲಲ್ಲಿ ಕೂತು ಸೊಂಟ, ತೊಡೆ ಮರಗಟ್ಟಿದ್ದವು. ಎರಡು ಕಿಲೋಮೀಟರು ಓಡುವಷ್ಟರಲ್ಲಿ ಏದುಸಿರು ಹತ್ತಿ, ಮೈದಾನದ ಬೇಲಿ ಹಿಡಿದು ನಿಂತುಬಿಟ್ಟ.

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಭಾವ ತಲೆಯೆತ್ತಲಿಲ್ಲ. "ಬೇಲಿ ಗಟ್ಟಿಯಾಗಿದೆಯಾ ಮೇಸ್ತ್ರಿ?" ಎಂದಷ್ಟೇ ಕೇಳಿದರು.

ಭಾವ ಹದಿನೈದು ವರ್ಷ ಸೈನ್ಯದಲ್ಲಿದ್ದವರು. ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚು. ಕಮಾಂಡೊ ಪಡೆಯ ತರಬೇತಿ ಶಿಬಿರದಲ್ಲಿ ಅಡುಗೆಯವರಾಗಿದ್ದರು. ಸಣ್ಣ ಮೇಸ್ತ್ರಿ ಸೇರಬೇಕೆಂದು ಪಣ ತೊಟ್ಟಿದ್ದು ಅದೇ ಪಡೆಗೆ. ಹದಿನೈದನೆಯ ವಯಸ್ಸಿನಲ್ಲಿ, ನದಿ ಉಕ್ಕಿ ಬೀದಿ ಮುಳುಗಿದಾಗ, ಆ ಪಡೆಯವನೊಬ್ಬ ಎದೆಮಟ್ಟದ ನೀರಿನಲ್ಲಿ ಪಕ್ಕದ ಮನೆಯ ಮುದುಕಿಯನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ಅವನು ಕಂಡಿದ್ದ. ಮುದುಕಿಯನ್ನು ಇಳಿಸಿ, ಮುಖ ಒರೆಸಿಕೊಂಡು, ಆತ ಮತ್ತೆ ನೀರಿಗಿಳಿದಿದ್ದ. ಅದು ಇವನ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿತ್ತು. ಈಗ ಇಪ್ಪತ್ಮೂರು. ಇಪ್ಪತ್ತೈದು ತುಂಬಿದವರಿಗೆ ಅಲ್ಲಿ ಜಾಗವಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ನಾಲ್ಕು ತಿಂಗಳಿತ್ತು.

ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದ್ದು ಅಕ್ಕ. ಅವಳ ಎರಡು ಕೋಣೆಯ ಮನೆಯಲ್ಲೇ ವಾಸ. ಅವನು ಊಟಕ್ಕೆ ಕೂತಾಗ ಪಡೆ ಸೇರುವ ವಿಷಯ ತೆಗೆದಿದ್ದಕ್ಕೆ ಭಾವ ನಕ್ಕರು. ಮರುದಿನ ಬೆಳಕು ಹರಿಯುವ ಮುಂಚೆ ಕಂಬಳಿ ಎಳೆದು ಎಬ್ಬಿಸಿದವರೂ ಅವರೇ.

ಎರಡು ತಿಂಗಳಲ್ಲಿ ಓಟ ಎಂಟು ಕಿಲೋಮೀಟರಿಗೆ ಬಂತು. ಬೆನ್ನಿಗೆ ಭಾರ ಹಾಕಿಕೊಂಡು ನಡೆಯುವುದೂ ಶುರುವಾಯಿತು. ಚೀಲಕ್ಕೆ ಹತ್ತು ಕಿಲೋ ಒಡೆದ ಟೈಲ್ಸ್ ಸಾಕು, ವಾರಕ್ಕೊಂದು ಕಿಲೋ ಏರಿಸು ಎಂದು ಭಾವ ಹೇಳಿದ್ದರು. ಇವನಿಗೆ ಅವಸರ. ಕದ್ದುಮುಚ್ಚಿ ಹದಿನೈದು ಮಾಡಿದ, ಆಮೇಲೆ ಇಪ್ಪತ್ತು. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ನೋಯತೊಡಗಿತು. ಬಟ್ಟೆ ಸುತ್ತಿ, ಮೇಲೆ ಪ್ಯಾಂಟು ಎಳೆದು, ಹಲ್ಲು ಕಚ್ಚಿ ಓಡಿದ. ಸಹಿಸುವುದೇ ಸೈನಿಕನ ಲಕ್ಷಣವೆಂದು ಅವನ ಲೆಕ್ಕಾಚಾರ.

ಸಿಕ್ಕಿಬಿದ್ದದ್ದು ಅಕ್ಕನ ಕೈಗೆ. ಒಂದು ಬೆಳಿಗ್ಗೆ ತಮ್ಮನು ಮೆಟ್ಟಿಲನ್ನು ಹಿಂದುಮುಂದಾಗಿ, ಕಂಬಿ ಹಿಡಿದು ಇಳಿಯುವುದನ್ನು ಕಂಡಳು. ಏನೂ ಕೇಳದೆ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಡಿಸಿದಳು. ಮೂಳೆಯಲ್ಲಿ ಕೂದಲೆಳೆಯ ಬಿರುಕಿತ್ತು. ಎರಡು ತಿಂಗಳು ಓಡುವ ಮಾತೇ ಇಲ್ಲ, ನೆಲದ ಮೇಲೆ ಕುಕ್ಕರುಗಾಲೂ ಕೂಡದು ಎಂದರು ಡಾಕ್ಟರು.

ಆದರೂ ಅರ್ಜಿ ಹಾಕುತ್ತೇನೆ, ಪರೀಕ್ಷೆಯ ದಿನ ಮಾತ್ರೆ ನುಂಗಿ ಓಡುತ್ತೇನೆ ಎಂದು ಹಟ ಹಿಡಿದ. ಭಾವ ಅವನನ್ನು ಅಡುಗೆಮನೆಗೆ ಕರೆದು ಎದುರಿಗೆ ಕೂರಿಸಿಕೊಂಡರು.

"ನೋಡು, ನಾನು ಆ ಪಡೆಯೋರಿಗೆ ಹದಿನೈದು ವರ್ಷ ಬಡಿಸಿದೀನಿ. ಯಾರು ಉಳೀತಾರೆ, ಯಾರು ಗಂಟುಮೂಟೆ ಕಟ್ತಾರೆ ಅಂತ ತಟ್ಟೆ ನೋಡಿದ್ರೆ ಗೊತ್ತಾಗ್ತಿತ್ತು. ಕೈಲಾಗದೋರು ಹೋಗಿದ್ದು ಕಡಿಮೆ ಕಣೋ. ಎಲ್ಲಿ ನೋವು ಅಂತ ಬಾಯಿ ಬಿಡದೋರೇ ಜಾಸ್ತಿ ಹೋದ್ರು. ಹತ್ತು ಜನ ಹೋಗೋ ಕಡೆ ಒಬ್ಬ ಮುಚ್ಚಿಟ್ಟುಕೊಂಡು ಬಿದ್ದರೆ, ಉಳಿದ ಒಂಬತ್ತು ಜನ ಅವನನ್ನ ಹೊರಬೇಕಲ್ವಾ?"

ಅರ್ಜಿಯ ಕೊನೆಯ ದಿನ ಬಂತು, ಹೋಯಿತು. ಅವನು ಅರ್ಜಿ ಹಾಕಲಿಲ್ಲ. ಉಳಿದದ್ದು ಇನ್ನೊಂದೇ ಅವಕಾಶ, ಒಂದು ವರ್ಷ ದೂರದಲ್ಲಿ.

ಹೊಟ್ಟೆಪಾಡಿಗೆ ಕೆಲಸ ಬೇಕಲ್ಲ. ತನಗೆ ಕೆಲಸ ಕೊಡುತ್ತಿದ್ದ ದೊಡ್ಡ ಮೇಸ್ತ್ರಿಯ ಬಳಿ ಹೋಗಿ ಗೋಡೆಯ ಕೆಲಸ ಮಾತ್ರ ಕೊಡಿ ಎಂದು ಕೇಳಿದ. ನಿನಗೇನು ರಾಜಯೋಗವೇ ಎಂದು ಅವರು ಗೊಣಗಿದರೂ ಸ್ನಾನದಮನೆ, ಅಡುಗೆಮನೆಯ ಗೋಡೆಗಳನ್ನು ಅವನಿಗೇ ಬಿಟ್ಟರು. ನಿಂತು ಕೆಲಸ ಮಾಡುತ್ತ ಮಾಡುತ್ತ ಮರಗಟ್ಟಿದ್ದ ಸೊಂಟ ಸಡಿಲವಾಯಿತು.

ಸಂಜೆ ಈಜುಕೊಳ. ಪರೀಕ್ಷೆಯಲ್ಲಿ ಈಜೂ ಇತ್ತು, ಇವನಿಗೆ ನೀರೆಂದರೆ ಆ ಪ್ರವಾಹದ ದಿನದಿಂದಲೂ ಎದೆ ಡವಡವ. ಈಜು ಕಲಿಸುವ ಹೆಂಗಸು ಅವನನ್ನು ಆರೇಳು ವರ್ಷದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು. ಮಕ್ಕಳು ಮೀನಿನ ಹಾಗೆ ಹೊರಟರೆ ಇವನು ಬಕೆಟ್ಟಿನಂತೆ ಮುಳುಗುತ್ತಿದ್ದ. ಮಕ್ಕಳು ಬಿದ್ದುಬಿದ್ದು ನಗುತ್ತಿದ್ದವು. ಮೂರನೆಯ ವಾರ ಮೈ ತೇಲಿತು. ಓಟಕ್ಕೆ ಮರಳುವ ಹೊತ್ತಿಗೆ ಕೊಳದ ಎರಡೂ ಬದಿ ನಿಲ್ಲದೆ ಮುಟ್ಟಿ ಬರುತ್ತಿದ್ದ.

ಈ ಸಲ ಭಾರವನ್ನು ಅಕ್ಕನೇ ತಕ್ಕಡಿಯಲ್ಲಿ ತೂಗಿ ಕೊಟ್ಟಳು. ಒಂದು ಬೆಳಿಗ್ಗೆ, ಹದಿನೆಂಟು ಕಿಲೋ ಹೊತ್ತು ಮೈದಾನ ಸುತ್ತುತ್ತಿದ್ದವನು ನಡುದಾರಿಯಲ್ಲಿ ನಿಂತ. ಚೀಲ ಇಳಿಸಿ ಬೆಂಚಿನ ಬಳಿ ಬಂದ.

"ಭಾವ, ಬಲಗಾಲಿನ ಹಿಮ್ಮಡಿ ಚುರುಗುಟ್ತಿದೆ. ಇವತ್ತು ಇಷ್ಟೇ ಸಾಕು ಅನ್ಸುತ್ತೆ."

ಭಾವ ಪೇಪರ್ ಮಡಿಸಿದರು. ಬೂಟು ಬಿಚ್ಚಿಸಿ ನೋಡಿದರೆ ಹುಣಸೆಬೀಜದಷ್ಟು ಬೊಬ್ಬೆ. "ಇವತ್ತು ನೀನು ಅರ್ಜಿ ಹಾಕೋಕೆ ಲಾಯಕ್ಕಾದೆ," ಎಂದು ಅವನ ಚೀಲವನ್ನು ತಾವೇ ಹೊತ್ತುಕೊಂಡು ಮನೆಗೆ ನಡೆದರು. ದಾರಿಯುದ್ದಕ್ಕೂ ಅವರೇ ಏದುಸಿರು ಬಿಟ್ಟರು. ಅದನ್ನು ಅವನು ಆಡಿಕೊಳ್ಳದೆ ಬಿಡಲಿಲ್ಲ.

ಅರ್ಜಿ ಹಾಕುವಾಗ ಹಳೆಯ ಗಾಯವಿದೆಯೇ ಎಂಬ ಪ್ರಶ್ನೆಗೆ ಬಿರುಕಿನ ಸಂಗತಿಯನ್ನು ಇದ್ದದ್ದು ಇದ್ದಂತೆ ಬರೆದ. ವೈದ್ಯಕೀಯ ತಪಾಸಣೆಯಲ್ಲಿ ಅಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆ ಚೆನ್ನಾಗಿ ಕೂಡಿದೆ ಎಂದು ಠಸ್ಸೆ ಒತ್ತಿದರು. ದೈಹಿಕ ಪರೀಕ್ಷೆಗೆ ಮುನ್ನೂರು ಜನ ಬಂದಿದ್ದರು. ಓಟದಲ್ಲಿ ಅವನು ಮೊದಲ ಐವತ್ತರೊಳಗೂ ಬರಲಿಲ್ಲ, ಈಜಿನಲ್ಲಿ ಕಡೆಯ ಸಾಲು. ಆದರೆ ಯಾವುದರಲ್ಲೂ ನಪಾಸಾಗಲಿಲ್ಲ. ಮೂರನೆಯ ದಿನ ಅಂಟಿಸಿದ ಎಂಬತ್ತು ಜನರ ಪಟ್ಟಿಯಲ್ಲಿ ಅವನ ಸಂಖ್ಯೆಯಿತ್ತು.

ಮುಂದಿನದು ಆರು ತಿಂಗಳ ತರಬೇತಿ. ಎಂಬತ್ತರಲ್ಲಿ ಉಳಿಯುವುದು ಇಪ್ಪತ್ತೋ ಮೂವತ್ತೋ. ಭಾವ ಅದನ್ನೂ ಮುಚ್ಚಿಡಲಿಲ್ಲ. ಬಸ್ಸು ಹತ್ತಿಸಲು ಬಂದ ಅಕ್ಕ ಅವನ ಅಂಗಿಯ ಕಾಲರು ಸರಿಮಾಡಿದಳು. ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು.

"ಹೊಟ್ಟೆ ತುಂಬ ತಿನ್ನು. ಸೇರಿಸಿಕೊಂಡ್ರೆ ಕಾಗದ ಬರಿ. ಇಲ್ಲಾಂದ್ರೆ ನೇರ ಮನೆಗೆ ಬಾ."

ಅವನು ಕಿಟಕಿಯ ಪಕ್ಕ ಕೂತು ಕಾಲು ಚಾಚಿದ. ಬಸ್ಸು ಹೊರಟಿತು.