ಆನೆಹುಲ್ಲಿನೊಳಗೆ ಅವ್ವನ ತಾಟು

ನಾನು ಮುಂಗೋಪಿ. ಗಡಹಿಂಗ್ಲಜದ ಸಂತೆಯಲ್ಲಿ ನನ್ನ ಜೊತೆ ಚೌಕಾಶಿಗೆ ಯಾರೂ ನಿಲ್ಲುವುದಿಲ್ಲ. ಅವ್ವನ ಮಾತನ್ನೂ ಹಾಗೆಯೇ ತಳ್ಳಿಹಾಕುತ್ತಿದ್ದೆ.

ಕೊಲ್ಹಾಪುರದ ರಸ್ತೆಯಲ್ಲಿ ಹುಲ್ಲಿನಿಂದ ಗ್ಯಾಸ್ ತೆಗೆಯುವ ಫ್ಯಾಕ್ಟರಿ ಬಂದ ವರ್ಷ, ಹಳ್ಳದ ಹೊಲದ ಕಬ್ಬು ತೆಗೆದು ಆನೆಹುಲ್ಲು ಹಚ್ಚಿದೆ. ಎರಡಾಳೆತ್ತರ ಬೆಳೆಯುವ ಹುಲ್ಲು ಅದು. ಇನ್ನು ಕಬ್ಬಿನ ಒಣಸೋಗೆ, ರವದಿ ಸುಡುವ ಹೊಗೆಯಿಲ್ಲ, ಮಣ್ಣಿಗೂ ತಂಪು ಎಂದು ಕಂಡಕಂಡವರಿಗೆಲ್ಲ ಭಾಷಣ ಬಿಗಿದೆ. ಆದರೆ ನನ್ನ ಆಸೆ ಅಲ್ಲಿಗೆ ನಿಲ್ಲಲಿಲ್ಲ. ಹಳ್ಳದ ದಂಡೆಗುಂಟ ಅಜ್ಜನ ಕಾಲದಿಂದ ಬಿಟ್ಟಿದ್ದ ಲಕ್ಕಿ ಪೊದೆ, ಕರಕಿ ಹುಲ್ಲಿನ ಪಟ್ಟಿಯನ್ನೂ ಕೀಳಿಸಿ ನೀರಿನ ಅಂಚಿನವರೆಗೆ ಹಚ್ಚಿಬಿಟ್ಟೆ.

"ಅದು ನಮ್ಮದಲ್ಲಪಾ ತಮ್ಮಾ, ಹುಳಾ ಹುಪ್ಪಡಿದು" ಎಂದಳು ಅವ್ವ.

"ಹೊಲದ ಉತಾರದಾಗ ಅವುಗಳ ಹೆಸರ ಐತೇನ ಮತ್ತ?" ಎಂದು ನಕ್ಕೆ.

ಕಬ್ಬು ಕಡಿಸುವ ದಿನಗಳಿಂದ ಅವ್ವನದೊಂದು ಪದ್ಧತಿ. ಹಳ್ಳದ ಕಡೆಯ ನಾಲ್ಕು ಸಾಲು ಉಳಿದಾಗ ಎಲ್ಲರೂ ಕೈ ನಿಲ್ಲಿಸಬೇಕು. ಆಕೆ ಬದುವಿನ ಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಹೊಕ್ಕು, ಊಟದ ತಾಟು ಬಡಿಯುತ್ತ ಆ ತುದಿಯವರೆಗೆ ನಡೆಯುವಳು. ಮೊಲ, ಮುಂಗುಸಿ, ಬುರ್ಲಿ ಹಕ್ಕಿ ಎಲ್ಲ ದಂಡೆಯ ಪೊದೆಗೆ ಓಡುವವು. ಅಷ್ಟರಲ್ಲಿ ಕಡಿಯುವವರ ಚಹಾ ಮುಗಿಯುತ್ತಿತ್ತು.

ಆನೆಹುಲ್ಲಿನ ಮೊದಲ ಕೊಯ್ಲಿಗೆ ಮಷೀನ್ ಬಂತು. ಡ್ರೈವರ್ ಇಚಲಕರಂಜಿಯವನು, ಹದಿನೈದು ವರ್ಷ ಪವರ್‌ಲೂಮ್ ನಡೆಸಿದವನು. "ಜೋರಾಗಿ ಹೇಳ್ರಿ ಮಾಲಕ್ರ, ನನ್ನ ಕಿವಿ ಮಗ್ಗಕ್ಕ ಕೊಟ್ಟ ಬಂದೇನಿ" ಎಂದು ತನ್ನನ್ನು ತಾನೇ ಚೇಷ್ಟೆ ಮಾಡಿಕೊಳ್ಳುತ್ತಿದ್ದ. ರಸ್ತೆಯ ಕಡೆಯಿಂದ ಕೊಯ್ಯುತ್ತ ಹೋದ. ಮಧ್ಯಾಹ್ನದ ಹೊತ್ತಿಗೆ ಹಳ್ಳದಂಚಿನ ಪಟ್ಟಿಯೊಂದೇ ಉಳಿಯಿತು.

"ನಿಲ್ಲಸಪಾ, ತಾಟ ಬಡದ ಬರತೇನಿ" ಎಂದಳು ಅವ್ವ.

"ಈ ಸಪ್ಪಳಕ್ಕ ಎಲ್ಲಾ ಎಂದೋ ಓಡಿರ್ತಾವ. ನೀ ಸುಮ್ಮ ಮನೀಗಿ ನಡಿ!" ಎಂದು ಗದರಿದೆ.

ಆಕೆ ತಾಟು ಹಿಡಿದು ಹೊರಟಳು. ಮನೆಗೇ ಹೋದಳೆಂದುಕೊಂಡು ಡ್ರೈವರನಿಗೆ ಕೈ ಮಾಡಿದೆ. ಮಷೀನ್ ಒಂದು ತುದಿಯಿಂದ ಪಟ್ಟಿಯೊಳಗೆ ನುಗ್ಗಿತು. ನಾನು ಕೊಡದಲ್ಲಿನ ನೀರು ಕುಡಿಯಲೆಂದು ಇನ್ನೊಂದು ತುದಿಯ ಬದುವಿಗೆ ನಡೆದೆ.

ಅಲ್ಲಿ ಅವ್ವನ ಚಪ್ಪಲಿಗಳಿದ್ದವು. ಹೊಲದ ಕಡೆ ಮುಖ ಮಾಡಿ, ಜೋಡಿಸಿಟ್ಟಿದ್ದವು.

"ಅವ್ವಾ!" ಎಂದು ಚೀರಿದ್ದು ನನಗೇ ಕೇಳಿಸಲಿಲ್ಲ. ಅಷ್ಟೆತ್ತರದ ಹುಲ್ಲಿನೊಳಗೆ ಆಕೆ ಎಲ್ಲಿದ್ದಾಳೆಂದು ಹೇಗೆ ಕಾಣಬೇಕು? ಮಷೀನಿನತ್ತ ಓಡಿದೆ. "ಥಾಂಬಾ! ನಿಲ್ಲಸೋ!" ಹೆಗಲ ಟವೆಲ್ ಬೀಸಿದೆ. ಅವನ ಕಣ್ಣು ಕೆಳಗಿನ ಕತ್ತಿಯ ಮೇಲಿತ್ತು. ಹುಲ್ಲಿನ ತುದಿಗಳು ಒಂದೊಂದೇ ಅಲುಗಿ ಬೀಳುತ್ತಿದ್ದವು. ಕೈಗೆ ಸಿಕ್ಕ ಕಲ್ಲನ್ನೆತ್ತಿ ಅವನೆದುರಿನ ಗಾಜಿಗೆ ಬೀಸಿ ಹೊಡೆದೆ. ಗಾಜು ಬಿರಿಯಿತು, ಮಷೀನ್ ನಿಂತಿತು.

ಆಗ ತಾಟಿನ ಸದ್ದು ಕೇಳಿಸಿತು. ಕತ್ತಿಯಿಂದ ನಾಲ್ಕು ಮಾರು ದೂರದಲ್ಲಿ.

ಇಬ್ಬರೂ ಹುಲ್ಲು ಸರಿಸಿ ನುಗ್ಗಿದೆವು. ಅವ್ವ ಬೆವರಿ ನಿಂತಿದ್ದಳು. ಆಕೆಯ ಮುಂದೆ ಮುಂಗುಸಿಯೊಂದು ತುಂಬಿದ ಹಳ್ಳದ ಅಂಚಿಗೆ ಓಡಿ, ನೀರು ಕಂಡು, ಮತ್ತೆ ಆಕೆಯ ಕಾಲ ಬಳಿಗೇ ಮರಳುತ್ತಿತ್ತು.

"ಇವಕ್ಕ ಹಾದೀನ ಇಲ್ಲಲ್ಲೋ" ಎಂದಳು. "ಅತ್ಲಾಗ ನೀರು, ಇತ್ಲಾಗ ನಿನ್ನ ಮಷೀನು. ನಾ ಎತ್ಲಾಗ ಹೊಡೀಲಿ?"

ಡ್ರೈವರ್ ಆಕೆಯ ಕಾಲು ಮುಟ್ಟಿದ. "ಮಾಫ್ ಕರಾ ಆಯಿ, ನನಗ ಕೇಳಿಸಲಿಲ್ಲ."

"ನಿಂದೇನ ತಪ್ಪ ಯಪ್ಪಾ? ನಿನಗ ಕಿವಿ ಕೇಳೂದಿಲ್ಲ. ಇಂವಗ ಕೇಳ್ತಾವ."

ನಾನು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆ ಪಟ್ಟಿಯನ್ನು ಅಂದು ಕೊಯ್ಯಲಿಲ್ಲ. ಹಳ್ಳ ಇಳಿದ ಮೇಲೆ ಗುದ್ದಲಿ ಹಿಡಿದು ಒಂದೊಂದೇ ಬುಡ ಅಗೆದೆ. ಆನೆಹುಲ್ಲಿನ ಬೇರು ಸುಲಭಕ್ಕೆ ಬರುವುದಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದವು. ಅಲ್ಲಿ ಮತ್ತೆ ಲಕ್ಕಿ ಹಚ್ಚಿದೆ. ಉಳಿದ ಹೊಲದ ಹುಲ್ಲು ಈಗಲೂ ಫ್ಯಾಕ್ಟರಿಗೇ ಹೋಗುತ್ತದೆ.

ಅವ್ವನಿಗೆ ಮೊಣಕಾಲು ನೋವು, ಹೊಲಕ್ಕೆ ಬರುವುದಿಲ್ಲ. ಕೊಯ್ಲಿನ ದಿನ ತಾಟು ಬಡಿಯುವವನು ನಾನೇ. ಆಕೆ ಮನೆಯ ಕಟ್ಟೆಯ ಮೇಲೆ ಕುಳಿತಿರುವುದನ್ನು ಕಣ್ಣಾರೆ ಕಂಡು ಬಂದಿರುತ್ತೇನೆ. ಆದರೂ ಡ್ರೈವರನಿಗೆ ಕೈ ಮಾಡುವ ಮೊದಲು ಬದುವಿನುದ್ದಕ್ಕೂ ನಡೆದು, ಎಲ್ಲಾದರೂ ಚಪ್ಪಲಿ ಇವೆಯೇ ಎಂದು ನೋಡುತ್ತೇನೆ.