ಮೊದಲ ದೇಗಿನ ಮುಚ್ಚಳ

ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳಿದರೆ ನನಗೇನೂ ಬೇಜಾರಿಲ್ಲ. ಏನು ಕೆಲಸ ಎಂದು ಕೇಳಿದರೂ ಬೇಜಾರಿಲ್ಲ. ಆದರೆ ಹೆಸರನ್ನೂ ಕೆಲಸವನ್ನೂ ಮನಸ್ಸಿನಲ್ಲೇ ಕೂಡಿಸಿಕೊಂಡು, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ ನನ್ನ ಕಡೆ ತಿರುಗುತ್ತಾರಲ್ಲ, ಆಗ ನನಗೆ ಆಯಾಸ ಶುರುವಾಗುತ್ತದೆ. ಮುಂದಿನ ಪ್ರಶ್ನೆ ನನಗೆ ಗೊತ್ತು.

"ಅಲ್ಲ ಸಾರ್, ಈ ಶಿಯಾ ಸುನ್ನಿ ಅಂತಾರಲ್ಲ, ಏನ್ ಸಾರ್ ಅದು? ನೀವು ಅದ್ರಲ್ಲಿ ಯಾವ್ದು?"

ನಾನು ಸುನ್ನಿ. ಹುಟ್ಟಿದ್ದು ಗುಬ್ಬಿ, ತುಮಕೂರಿನ ಒಂದು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಶಿಯಾ ಒಬ್ಬರನ್ನು ನಾನು ಕಣ್ಣಾರೆ ಕಂಡದ್ದೇ ಎಂ.ಎ. ಓದಲು ಮೈಸೂರಿಗೆ ಹೋದ ಮೇಲೆ. ಹಾಸ್ಟೆಲಿನಲ್ಲಿ ನನ್ನ ಸೋಪು ಒಯ್ದು ವಾಪಸು ಕೊಡಲಿಲ್ಲ ಅನ್ನುವುದನ್ನು ಬಿಟ್ಟರೆ ಅವನಿಗೂ ನನಗೂ ನಡುವೆ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ. ಆದರೂ ಟಿ.ವಿ.ಯಲ್ಲಿ ಇರಾಕಿನ ಯುದ್ಧ ಬರತೊಡಗಿದ ಮೇಲೆ, ಆ ಜಗಳಕ್ಕೆಲ್ಲ ಉತ್ತರ ಹೇಳಬೇಕಾದವನು ನಾನೇ ಅನ್ನುವ ಹಾಗೆ ಊರು ನನ್ನನ್ನು ನೋಡತೊಡಗಿತು. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿದ್ದಾರೆ. ಅಂಥ ಹೊತ್ತಿನಲ್ಲಿ ಯಾರೇ ಆಗಲಿ ಸಮನ್ವಯದ ಉತ್ತರವನ್ನೇ ಕೊಡುತ್ತಾರೆ.

ಹೀಗಾಗಿ ನನ್ನ ಬಳಿ ಮೂರು ಅಳತೆಯ ಉತ್ತರಗಳು ಸಿದ್ಧವಾಗಿವೆ. ತುಮಕೂರಿನೊಳಗೇ ಇಳಿಯುವವರಿಗೆ ಒಂದು ವಾಕ್ಯ: ಪ್ರವಾದಿಯವರು ತೀರಿಕೊಂಡ ಮೇಲೆ ಸಮುದಾಯವನ್ನು ಯಾರು ನಡೆಸಬೇಕು ಅನ್ನುವ ಪ್ರಶ್ನೆ ಬಂತು, ಒಡನಾಡಿಯೂ ಮಾವನೂ ಆಗಿದ್ದ ಅಬೂಬಕರ್ ಎಂದು ಕೆಲವರು ಅಂದರು, ದೊಡ್ಡಪ್ಪನ ಮಗನೂ ಅಳಿಯನೂ ಆಗಿದ್ದ ಅಲಿ ಎಂದು ಕೆಲವರು ಅಂದರು. ಗುಬ್ಬಿಗೆ ಹೋಗುವವರಿಗೆ ಅರ್ಧ ಗಂಟೆಯ ಉತ್ತರ ಬೇರೆ ಇದೆ. ಕುಣಿಗಲ್ಲಿನವರು ಸಿಕ್ಕಿದರೆ ಹೆಬ್ಬೂರು ಬರುವ ಹೊತ್ತಿಗೆ ನಾನು ಅಲಿಯವರ ಮಗ ಯುದ್ಧದಲ್ಲಿ ಮಡಿದ ಕರ್ಬಲಾ ತಲುಪಿರುತ್ತೇನೆ, ಅವರು ನಿದ್ದೆ ಹೋಗಿರುತ್ತಾರೆ.

ನನ್ನ ಸಹೋದ್ಯೋಗಿ ಮಹಾಲಿಂಗಪ್ಪನವರು ಮಠದ ನಂಟಿರುವ ಮನೆತನದವರು. ಈ ಕತೆ ಕೇಳಿ ಅವರು ತಲೆಯಾಡಿಸಿ ಹೇಳಿದ್ದರು: "ನಿಮ್ಮವ್ರಿಗೆ ಸಿವಿಲ್ ಕೋರ್ಟು ಇರ್ಲಿಲ್ಲ ಕಣ್ರೀ, ಅದಕ್ಕೇ ಅಷ್ಟು ಬೇಗ ಮುಗೀತು. ನಮ್ ಕಡೆ ಒಂದು ಮಠದ ಪಟ್ಟದ ಕೇಸು, ನಾನು ಹೈಸ್ಕೂಲಲ್ಲಿದ್ದಾಗ ಹಾಕಿದ್ದು. ಈಗ ನನ್ ಮಗಳು ಲಾ ಓದ್ತಾವ್ಳೆ, ಅವ್ಳಿಗೇ ವಾದ ಮಾಡೋಕೆ ಸಿಗ್ಬೌದು ಅಂತ ಕಾಯ್ತಾ ಇದೀನಿ."

ಪಾಠ ಮಾಡುವವನ ಕಷ್ಟ ಬೇರೆ. ಎರಡೂ ಕಡೆಯ ಹಳೆಯ ಗ್ರಂಥಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ನಡೆದ ಸಂಗತಿಗಳ ಬಗ್ಗೆ ಅವು ಅಷ್ಟೇನೂ ಜಗಳವಾಡುವುದಿಲ್ಲ. ಕೊನೆಯ ಹಜ್ ಮುಗಿಸಿ ಬರುವಾಗ ಖುಮ್ಮ್ ಎಂಬ ಕೊಳದ ಬಳಿ ಪ್ರವಾದಿಯವರು ಎಲ್ಲರನ್ನೂ ನಿಲ್ಲಿಸಿ ಅಲಿಯವರ ಕೈ ಹಿಡಿದೆತ್ತಿ, ನನ್ನನ್ನು ತಮ್ಮವನೆಂದುಕೊಂಡವರಿಗೆ ಇವರೂ ಹಾಗೆಯೇ ಎನ್ನುವ ಅರ್ಥದ ಮಾತಾಡಿದರು. ಇದನ್ನು ಇಬ್ಬರೂ ಬರೆದಿದ್ದಾರೆ. ಅದು ಪ್ರೀತಿ ಗೌರವದ ಮಾತು ಎಂದು ಸುನ್ನಿಗಳು, ಅದೇ ಪಟ್ಟಾಭಿಷೇಕ ಎಂದು ಶಿಯಾಗಳು. ಕಾಯಿಲೆಯಲ್ಲಿ ಮಲಗಿದಾಗ ತಮ್ಮ ಬದಲು ಅಬೂಬಕರ್ ನಮಾಜು ಮಾಡಿಸಲಿ ಎಂದರಂತೆ. ಇನ್ನೇನು ಬೇಕು ಸಾಕ್ಷಿ ಎಂದು ಸುನ್ನಿ ಆಧಾರಗಳು. ಹಾಗೆ ಹೇಳಿದ್ದು ಪ್ರವಾದಿಯವರೇ ಅಲ್ಲ, ಗೊತ್ತಾದ ಕೂಡಲೇ ತಾವೇ ಎದ್ದು ಬಂದರು ಎಂದು ಶಿಯಾ ಆಧಾರಗಳು. ಬರೆಯುವ ಸಾಮಗ್ರಿ ತನ್ನಿ ಎಂದು ಕೇಳಿದ್ದರು, ಅದು ಬರಲಿಲ್ಲ ಅನ್ನುವುದು ಎರಡೂ ಕಡೆ ಇದೆ. ನೋವಿನಲ್ಲಿದ್ದವರಿಗೆ ತೊಂದರೆ ಬೇಡ ಅನ್ನುವ ಕರುಣೆ ಅಂತ ಒಬ್ಬರು, ಹೇಳಬೇಕಾದ್ದನ್ನು ಹೇಳಗೊಡಲಿಲ್ಲ ಅಂತ ಇನ್ನೊಬ್ಬರು.

ನನ್ನನ್ನು ಪ್ರತಿ ವರ್ಷವೂ ಸುಸ್ತು ಮಾಡುವುದು ಇದರ ಮುಂದಿನ ಭಾಗ. ಪ್ರವಾದಿಯವರ ದೇಹ ಇನ್ನೂ ಮನೆಯಲ್ಲಿತ್ತು. ಅಲಿ ಮತ್ತು ಮನೆಯವರು ಅದಕ್ಕೆ ಸ್ನಾನ ಮಾಡಿಸುವುದರಲ್ಲಿದ್ದರು. ಅದೇ ಹೊತ್ತಿಗೆ ಊರಿನ ಇನ್ನೊಂದು ಕಡೆ ಒಂದು ಚಪ್ಪರದ ಕೆಳಗೆ ಮುಂದಿನ ನಾಯಕನನ್ನು ಆರಿಸಲು ಮದೀನಾದವರು ಸೇರಿದ್ದರು. ಸುದ್ದಿ ತಿಳಿದು ಅಬೂಬಕರ್ ಮತ್ತು ಸಂಗಡಿಗರು ಅಲ್ಲಿಗೆ ಓಡಿದರು. ಮಾತು ನಡೆಯಿತು, ಅಬೂಬಕರ್ ಖಲೀಫರಾದರು. ಅವರು ಹೋಗದಿದ್ದರೆ ಆ ದಿನವೇ ಸಮುದಾಯ ಒಡೆದುಹೋಗುತ್ತಿತ್ತು ಅನ್ನುತ್ತದೆ ಒಂದು ಕಡೆ. ಹೆಣ ಮನೆಯಲ್ಲಿರುವಾಗ ಇದೆಂಥ ಅವಸರ ಅನ್ನುತ್ತದೆ ಇನ್ನೊಂದು ಕಡೆ. ನಾನು ಕಪ್ಪು ಹಲಗೆಯ ನಡುವೆ ಗೆರೆ ಎಳೆದು, ಆ ಕಡೆ ಒಂದು ಮಾತು ಈ ಕಡೆ ಒಂದು ಮಾತು ಬರೆದು, ಸೀಮೆಸುಣ್ಣದ ಕೈ ಒರೆಸಿಕೊಂಡು ಬಂದುಬಿಡುತ್ತಿದ್ದೆ. ಅಡ್ಡಗೋಡೆ ಮೇಲೆ ದೀಪ ಇಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ನನ್ನ ಹೆಂಡತಿ ನೆಂಟರಿಗೆ ಹೇಳುವುದುಂಟು: "ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೂ, ಇದರಲ್ಲಿ ಎರಡು ಅಭಿಪ್ರಾಯ ಇದೆ ಅಂತಾರೆ ಇವ್ರು."

ಈ ದೀಪ ಇಡುವ ಕೆಲಸ ಎಷ್ಟು ಸುಲಭದ್ದು ಅಂತ ಗೊತ್ತಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಗುಬ್ಬಿಯ ದಸ್ತಗೀರ್ ಸಾಬರು ತೀರಿಕೊಂಡಾಗ. ಅವರು ಮದುವೆ ಅಡುಗೆಯ ಬಾವರ್ಚಿ. ದೊಡ್ಡವರ ಕತೆಯನ್ನು ಅಡುಗೆ ಒಲೆಯ ಮುಂದೆ ತಂದು ಕೂರಿಸಿದ ಅಂತ ಯಾರೂ ಬೇಸರಪಡಬೇಡಿ. ನಾನು ಹೋಲಿಸುತ್ತಿಲ್ಲ. ನನಗೆ ಆದ ಪಾಡನ್ನು ಹೇಳಿಕೊಳ್ಳುತ್ತಿದ್ದೇನೆ, ಅಷ್ಟೇ.

ಬಿರಿಯಾನಿ ಬೇಯಿಸುವ ದೊಡ್ಡ ಹಂಡೆಗೆ ನಮ್ಮಲ್ಲಿ ದೇಗು ಅನ್ನುತ್ತಾರೆ. ಅದರ ಬಾಯಿಗೆ ಮುಚ್ಚಳ ಹಾಕಿ, ಸುತ್ತ ಹಿಟ್ಟು ಮೆತ್ತಿ, ಮೇಲೆ ಕೆಂಡ ಸುರಿಯುತ್ತಾರೆ. ಒಳಗೆ ಏನಾಗಿದೆ ಎಂದು ದೇವರನ್ನೂ ಅಡುಗೆಯವರ ಹಿರಿಯನಾದ ಉಸ್ತಾದನನ್ನೂ ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ. ಹದ ಬಂತು ಅನ್ನಿಸಿದಾಗ ಬಿಸ್ಮಿಲ್ಲಾ ಎಂದು ಮೊದಲ ದೇಗಿನ ಮುಚ್ಚಳ ತೆಗೆಯುವವನು ಒಬ್ಬನೇ, ಉಸ್ತಾದ್. ಈರುಳ್ಳಿ ಯಾರು ಬೇಕಾದರೂ ಹೆಚ್ಚಬಹುದು, ಮಸಾಲೆ ಯಾರು ಬೇಕಾದರೂ ಅರೆಯಬಹುದು. ಮುಚ್ಚಳ ಮಾತ್ರ ಬೇರೆಯವರು ಮುಟ್ಟುವಂತಿಲ್ಲ.

ದಸ್ತಗೀರ್ ಸಾಬರ ಜೊತೆ ಮೀಸೆ ಮೂಡುವ ಮುಂಚಿನಿಂದ ಇದ್ದ ಗೆಳೆಯರು ಕರೀಂ ಸಾಬರು. ಮನೆಯಲ್ಲೇ ಬೆಳೆದ ತಮ್ಮನ ಮಗ ನಜೀರ್, ಆಮೇಲೆ ಅಳಿಯನೂ ಆದ. ಈಗ ನೀವು ನನ್ನ ಕಡೆ ಓರೆಗಣ್ಣಿನಲ್ಲಿ ನೋಡುತ್ತೀರಿ ಅಂತ ಗೊತ್ತು. ಏನು ಮಾಡಲಿ, ನಮ್ಮಲ್ಲಿ ತಮ್ಮನ ಮಗ ಅಳಿಯನಾಗುವುದು ಮಾಮೂಲು.

ಕುಣಿಗಲ್ ಕೆರೆಯ ಹತ್ತಿರ ಒಂದು ಮದುವೆ ಇದ್ದ ದಿನವೇ ಬೆಳಿಗ್ಗೆ ದಸ್ತಗೀರ್ ಸಾಬರು ಹೋಗಿಬಿಟ್ಟರು. ಮಾಂಸ ತೊಳೆದು ಈರುಳ್ಳಿ ಹೆಚ್ಚಿ ಆಗಿತ್ತು, ದೇಗುಗಳು ಟೆಂಪೋ ಹತ್ತಿದ್ದವು. ನಜೀರ್ ಮಾವನ ದೇಹಕ್ಕೆ ಸ್ನಾನ ಮಾಡಿಸುತ್ತಿದ್ದ. ಕರೀಂ ಸಾಬರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಯಾರಿಗೂ ತಿಳಿಸದೆ ಟೆಂಪೋ ಹತ್ತಿ ಕುಣಿಗಲ್ಲಿಗೆ ಹೋದರು. ಅಲ್ಲಿ ಮೊದಲ ದೇಗಿನ ಮುಚ್ಚಳ ತೆಗೆದರು. ಇಲ್ಲಿ ಮಣ್ಣು ಮಾಡಿದ್ದಾಯಿತು. ನಾನೂ ಮಣ್ಣು ಹಾಕಿದೆ. ಮಣ್ಣು ಹಾಕುವಾಗ ನಜೀರ್ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಅಲ್ಲಿಗೆ ಮಾತು ಮುರಿಯಿತು. "ಉಸ್ತಾದ್ ಮಾತು ಕೊಟ್ಟಿದ್ರು. ಹೆಣ್ಣಿನ ಮನೆಯೋರ ಮರ್ಯಾದೆ ಹೋದ್ರೆ ಯಾರ ಹೆಸ್ರು ಕೆಡ್ತಿತ್ತು?" ಎಂದರು ಕರೀಂ ಸಾಬರು. "ಹೆಣ ಮನೇಲಿತ್ತು ಸಾರ್, ಇವ್ರು ಮುಚ್ಚಳ ತೆಗೆಯೋಕೋದ್ರು" ಎಂದ ನಜೀರ್. ಆಳುಗಳೂ ಎರಡಾದರು. ಸಿ.ಎಸ್. ಪುರದ ಕಡೆಯ ಮದುವೆಗಳು ನಜೀರನಿಗೆ, ಕುಣಿಗಲ್ ಕಡೆಯವು ಕರೀಂ ಸಾಬರಿಗೆ ಎಂದು ಅಡುಗೆಯ ರಾಜ್ಯವೂ ಎರಡಾಯಿತು. ಆಮೇಲೆ ಆಧಾರಗಳು ಹುಟ್ಟಿಕೊಂಡವು. ಸಿ.ಎಸ್. ಪುರದ ಒಂದು ಮದುವೆಯಲ್ಲಿ ಉಸ್ತಾದ್ ನಜೀರನ ಕೈ ಹಿಡಿದು ಎಲ್ಲರೆದುರು ಇವನನ್ನು ನೋಡಿಕೊಳ್ಳಿ ಅಂದಿದ್ದರು ಎಂದು ಒಂದು ಕಡೆಯವರು. ಅವತ್ತು ಹುಡುಗನಿಗೆ ಕೈ ಸುಟ್ಟಿತ್ತು, ಅದಕ್ಕೆ ಹಾಗಂದರು ಎಂದು ಇನ್ನೊಂದು ಕಡೆಯವರು. ಉಬ್ಬಸ ಜಾಸ್ತಿಯಾದಾಗ ತಮ್ಮ ಬದಲು ಕರೀಂ ಸಾಬರನ್ನೇ ದೇಗಿನ ಹತ್ತಿರ ಕಳಿಸುತ್ತಿದ್ದರಲ್ಲ ಎಂದು ಇವರು. ಕಳಿಸುತ್ತಿದ್ದರು, ಆದರೆ ಬೈದುಕೊಂಡು ಕಳಿಸುತ್ತಿದ್ದರು ಎಂದು ಅವರು. ಗುಬ್ಬಿಗೆ ಹೋದಾಗಲೆಲ್ಲ ಇದನ್ನು ಕೇಳಿ ಕೇಳಿ, ರಜೆಯಲ್ಲೂ ತರಗತಿಯಲ್ಲೇ ಇದ್ದ ಹಾಗೆ ನನಗೆ ದಣಿವಾಗುತ್ತಿತ್ತು.

ಒಂದು ದಿನ ದಸ್ತಗೀರ್ ಸಾಬರ ಹೆಂಡತಿ ತುಮಕೂರಿನ ನಮ್ಮ ಮನೆಗೇ ಬಂದರು. ನನಗೆ ದೂರದ ಸಂಬಂಧದಲ್ಲಿ ಚಿಕ್ಕಮ್ಮ, ಖಾಲಾ ಅಂತಲೇ ಕರೆಯುವುದು. ನಾವು ಮನೆಯಲ್ಲಿ ಆಡುವುದು ಉರ್ದು. ಆದರೆ ಖಾಲಾ ಗುಬ್ಬಿ ಸಂತೆಯಲ್ಲಿ ಬೆಳೆದವರು, ಮನಸ್ಸು ಕದಡಿದಾಗ ಅವರಿಗೆ ಕನ್ನಡವೇ ಬರುವುದು.

"ಉಸ್ತಾದ್ ಯಾರಾದ್ರೆ ನಂಗೇನಪ್ಪ. ಇಬ್ರಿಗೂ ಬಡಿಸ್ದೋಳು ನಾನು. ನಾನು ಕಣ್ಮುಚ್ಚೋದ್ರೊಳಗೆ ಇಬ್ರೂ ನನ್ ಮನೇಲಿ ಒಂದೇ ದಸ್ತರಖಾನ್ ಹಾಸಿ ಕೂತು ಉಣ್ಬೇಕು. ನೀನು ಓದಿದೋನು. ಇದ್ನೇ ಅಲ್ವಾ ಪಾಠ ಮಾಡೋದು ನೀನು?"

ಹೌದು, ಇದನ್ನೇ. ಆದರೆ ಇದನ್ನು ಸರಿಮಾಡುವುದು ಸಿಲಬಸ್ಸಿನಲ್ಲಿರಲಿಲ್ಲ. ಆದರೂ ಹೋದೆ. ನಜೀರನ ಮುಂದೆ ಕೂತು ಕರೀಂ ಸಾಬರ ಕಷ್ಟವನ್ನು ವಿವರಿಸಿದೆ, ಅವನು ಎದ್ದು ಸೌದೆ ಒಡೆಯಲು ಹೋದ. ಕರೀಂ ಸಾಬರ ಮುಂದೆ ಕೂತು ನಜೀರನ ನೋವನ್ನು ವಿವರಿಸಿದೆ. ಅವರು ಚಹಾ ತರಿಸಿ, "ನೀನು ಹೇಳೋದೆಲ್ಲ ಸರಿ ಐತೆ. ಅವನ ಹತ್ರ ಹೋದಾಗ್ಲೂ ಎಲ್ಲ ಸರಿ ಐತೆ ಅಂತೀಯ. ನೀನು ಒಳ್ಳೆಯೋನು ಬುಡು" ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಆದರೆ ಹಾವು ಅಲ್ಲೇ ಇತ್ತು. ಖಾಲಾರ ಮುಖ ನೋಡಲಾರದೆ ನಾನು ಕೆಲವು ಕಾಲ ಗುಬ್ಬಿಗೆ ಹೋಗುವುದನ್ನೇ ಬಿಟ್ಟೆ.

ಕೆಲವು ವರ್ಷಗಳಾದ ಮೇಲೆ ನಜೀರನಿಗೆ ಗಂಡುಮಗು ಹುಟ್ಟಿತು. ಹೆಸರಿಟ್ಟು ಊಟ ಹಾಕುವ ದಿನಕ್ಕೆ ನನಗೂ ಕರೆ ಬಂತು. ಮಗುವಿನ ಹೆಸರು ಏನು ಎಂದು ಫೋನಿನಲ್ಲೇ ಕೇಳಿದೆ. ಅಬ್ದುಲ್ ಕರೀಂ ಎಂದ ನಜೀರ್.

ಅವತ್ತು ನನಗೆ ತರಗತಿಯಲ್ಲಿ ಬೆಲ್ಲು ಹೊಡೆಯುವ ಹೊತ್ತಿಗೆ ಅವಸರದಲ್ಲಿ ಹೇಳಿ ಮುಗಿಸುವ ಒಂದು ಸಂಗತಿ ನೆನಪಾಯಿತು. ಅಲಿಯವರ ಗಂಡುಮಕ್ಕಳಲ್ಲಿ ಅಬೂಬಕರ್, ಉಮರ್, ಉಸ್ಮಾನ್ ಎಂಬ ಹೆಸರಿನವರಿದ್ದರು. ತಮಗಿಂತ ಮುಂಚೆ ಖಲೀಫರಾದ ಮೂವರ ಹೆಸರುಗಳವು. ಇದನ್ನೂ ಎರಡೂ ಕಡೆಯ ಗ್ರಂಥಗಳು ಹೇಳುತ್ತವೆ. ನೋಡಿ, ಅವರವರ ನಡುವೆ ಎಂಥ ಪ್ರೀತಿ ಇತ್ತು ಎನ್ನುತ್ತಾರೆ ಸುನ್ನಿಗಳು. ಆ ಕಾಲಕ್ಕೆ ಅವು ಎಲ್ಲರ ಮನೆಯ ಹೆಸರುಗಳು, ಅದರಲ್ಲೂ ಉಸ್ಮಾನ್ ಅಂತ ಇಟ್ಟದ್ದು ಬೇರೊಬ್ಬ ಉಸ್ಮಾನರ ನೆನಪಿಗೆ ಎನ್ನುತ್ತಾರೆ ಶಿಯಾಗಳು. ಅಲಿಯವರನ್ನೇ ಕೇಳೋಣವೆಂದರೆ ಯಾವ ಬಸ್ಸೂ ಅಲ್ಲಿಗೆ ಹೋಗುವುದಿಲ್ಲ. ಗುಬ್ಬಿಗೆ ಮಾತ್ರ ಅರ್ಧ ಗಂಟೆಗೊಂದು ಬಸ್ಸಿದೆ. ಹೋದೆ.

ನಜೀರ್ ಹಿತ್ತಿಲಲ್ಲಿ ಒಲೆಯ ಮುಂದೆ ಕೂತಿದ್ದ. ಆ ಹೆಸರು ಯಾಕಿಟ್ಟೆ ಎಂದೆ. ಅವನು ಸೌದೆ ಮುಂದಕ್ಕೆ ತಳ್ಳಿ, ನನ್ನ ಕಡೆ ನೋಡದೆ ಹೇಳಿದ.

"ಮಣ್ಣು ಹಾಕುವಾಗ ತಿರುಗಿ ತಿರುಗಿ ನೋಡ್ದೆ ಸಾರ್. ಕೋಪ ಆಮೇಲೆ ಬಂದಿದ್ದು. ಅಷ್ಟು ಜನ್ದಲ್ಲಿ ನನ್ನಷ್ಟೇ ಅಳೋರು ಅಂತ ಇದ್ದಿದ್ದು ಅವ್ರೊಬ್ರೇ. ಅವ್ರೇ ಇರ್ಲಿಲ್ಲ."

ನಾನು ಇಷ್ಟು ವರ್ಷ ಎರಡು ಕಡೆಯ ವಾದಗಳನ್ನು ತೂಗಿದವನು, ಈ ಮಾತನ್ನು ಯಾವ ಕಡೆ ಬರೆಯಬೇಕು ಅಂತ ತಿಳಿಯಲಿಲ್ಲ. ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಕರೀಂ ಸಾಬರು ಬಂದು ನಿಂತರು. ಖಾಲಾ ಹೇಳಿಕಳಿಸಿದ್ದರಂತೆ. ಅವತ್ತು ಟೆಂಪೋ ಹತ್ತುವ ಮುಂಚೆ ನಿಂತಿದ್ದರಲ್ಲ, ಹಾಗೆಯೇ ನಿಂತರು. ನಜೀರ್ ಎದ್ದು ನಿಂತ. ದೇಗಿನ ಮೇಲೆ ಕೆಂಡ ಬೂದಿಯಾಗುತ್ತಿತ್ತು, ಹದ ಬಂದಿತ್ತು.

"ಚಾಚಾ, ನೀವೇ ತೆಗೀರಿ."

"ನಿನ್ ಮಗನ ಊಟ. ನೀನೇ ತೆಗಿಯಪ್ಪ."

"ದೊಡ್ಡೋರು ನೀವಿರುವಾಗ..."

"ಮನೆ ಯಜಮಾನ ನೀನಿರುವಾಗ..."

ಅದೂ ಬೆಳೆಯಿತು. ಹಿಂದೆ ತನಗೇ ಬೇಕು ಎಂದು ಆದ ಜಗಳ, ಈಗ ನಿನಗೇ ಇರಲಿ ಎಂದು ನಡೆಯತೊಡಗಿತು. ಎರಡು ಪಂಗಡದ ಆಳುಗಳೂ ಕೈಕಟ್ಟಿಕೊಂಡು ನೋಡುತ್ತಿದ್ದರು. ನನಗಂತೂ ಇನ್ನು ಇದಕ್ಕೂ ಎರಡು ಕಡೆಯಾಗುತ್ತದಲ್ಲಪ್ಪ ಅನ್ನಿಸಿತು. ಆಗ ಒಳಗಿನಿಂದ ಖಾಲಾ ಬಂದರು. ತೋಳಿನಲ್ಲಿ ಮಗು. ಮಗುವನ್ನು ತಂದು ಕರೀಂ ಸಾಬರ ಕೈಗೆ ಹಾಕಿ, ಸೌಟಿನಿಂದ ಕೆಂಡ ಕೆಡವಿ, ಸೆರಗನ್ನು ಕೈಗೆ ಸುತ್ತಿಕೊಂಡು, ಮುಚ್ಚಳವನ್ನು ಪಕ್ಕಕ್ಕೆ ತಳ್ಳಿಬಿಟ್ಟರು.

"ನಿಮ್ ಮರ್ಯಾದೆ ಸುಡ್ಲಿ. ಅನ್ನದ ತಳ ಹತ್ತುತಾ ಐತೆ. ಬನ್ನಿ, ಕೂತ್ಕಳಿ."

ಇಬ್ಬರೂ ಒಂದೇ ದಸ್ತರಖಾನಿನ ಮೇಲೆ ಕೂತರು. ಕರೀಂ ಸಾಬರು ಮಗುವನ್ನು ಕೆಳಗಿಳಿಸದೆ ಎಡಗೈಯಲ್ಲಿ ಅವುಚಿಕೊಂಡೇ ಉಂಡರು. ಖಾಲಾ ಬಡಿಸಿದರು, ಇಬ್ಬರೂ ಎದ್ದು ಕೈ ತೊಳೆಯುವವರೆಗೂ ತಾವು ಕೂರಲಿಲ್ಲ.

ಈಗಲೂ ಗುಬ್ಬಿಗೆ ಹೋದರೆ ಆ ದಿನದ ಮಾತು ಬರುತ್ತದೆ. ಕರೀಂ ಸಾಬರೇ ಮುಚ್ಚಳ ತೆಗೆದರು, ನಜೀರ್ ಒಪ್ಪಿಕೊಂಡ ಎಂದು ಕುಣಿಗಲ್ ಕಡೆಯ ಆಳುಗಳು ಹೇಳುತ್ತಾರೆ. ನಜೀರನೇ ತೆಗೆದ, ಕರೀಂ ಸಾಬರು ದುವಾ ಹೇಳಿ ಹರಸಿದರು ಎಂದು ಸಿ.ಎಸ್. ಪುರದ ಕಡೆಯವರು. ಇಬ್ಬರ ಕತೆಯಲ್ಲೂ ಖಾಲಾ ಇಲ್ಲ. ನಾನು ಕಣ್ಣಾರೆ ಕಂಡವನು ಎಂದು ಒಮ್ಮೆ ಬಾಯಿ ಹಾಕಿ ನೋಡಿದೆ, ನಿಮಗೆ ಹೊಗೆಯಲ್ಲಿ ಸರಿಯಾಗಿ ಕಂಡಿರಲಿಕ್ಕಿಲ್ಲ ಸಾರ್ ಎಂದರು. ಜಗಳವಾಡಿದ ಇಬ್ಬರು ಈಗ ಒಂದೇ ಟೆಂಪೋದಲ್ಲಿ ಮದುವೆಗಳಿಗೆ ಹೋಗುತ್ತಾರೆ. ಅವರ ಪರವಾಗಿ ಜಗಳವಾಡಿದವರು ಮಾತ್ರ ಇನ್ನೂ ಮುಗಿಸಿಲ್ಲ. ನಾನೂ ವಾದಿಸುವುದನ್ನು ಬಿಟ್ಟಿದ್ದೇನೆ. ಅವತ್ತು ಅನ್ನದ ತಳ ಸ್ವಲ್ಪ ಹತ್ತಿತ್ತು ಅನ್ನುವುದನ್ನು ಮಾತ್ರ ಎರಡೂ ಕಡೆಯವರು ಒಪ್ಪುತ್ತಾರೆ.