ಗಟ್ಟಿ ಮಿಷಿನ್ನಿನ ಪಾಠ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದವನು. ಹೆಂಡತಿ ಇದ್ದಾಗ ಅವಳ ಕಿವಿಗೆ ಬಿದ್ದೀತೆಂಬ ಅಂಜಿಕೆ. ಅವಳು ಹೋದ ಮೇಲೆ, ಇನ್ನು ಯಾರಿಗೆ ಹೇಳಿ ಏನಾಗಬೇಕು ಎಂಬ ಸೋಮಾರಿತನ. ನೆಪಗಳಿಗೆ ನನ್ನಲ್ಲಿ ಎಂದೂ ಬರವಿರಲಿಲ್ಲ. ಮೊನ್ನೆ ಸೊಸೆ ಆ ಪ್ರಶ್ನೆ ಕೇಳದಿದ್ದರೆ ಎದೆಯಲ್ಲಿಟ್ಟುಕೊಂಡೇ ಹೋಗಿಬಿಡುತ್ತಿದ್ದೆನೇನೋ.

ಸೊಸೆ ನ್ಯಾಮತಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರು. ಶಾಲೆಗೆ ಯಾರೋ ದಾನಿಗಳು ಕಂಪ್ಯೂಟರ್ ಕೊಟ್ಟಿದ್ದಾರೆ. ಸಂಜೆ ನನ್ನ ಜೊತೆ ಅವರೆಕಾಯಿ ಸುಲಿಯುತ್ತಾ ಕೂತವಳು, "ಮಾವ, ನೀವು ಆಗ ಕಂಪ್ಯೂಟರ್ ಕ್ಲಾಸ್ ನಡೆಸ್ತಿದ್ರಲ್ಲ. ಏನೂ ಗೊತ್ತಿಲ್ದ ಮಕ್ಳಿಗೆ ಪ್ರೋಗ್ರಾಮ್ ಬರೆಯಾಕೆ ಮೊದ್ಲು ಯಾವ ಭಾಷೆ ಹೇಳಿಕೊಡ್ಬೇಕು?" ಎಂದಳು. ನನ್ನ ಕೈ ಹಾಗೇ ನಿಂತಿತು.

ನನ್ನನ್ನು ದೊಡ್ಡ ಪಂಡಿತನೆಂದು ನೀವು ತಿಳಿಯಬೇಡಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದರ ಮೇಲೆ ಟೈಪಿಂಗಿನ ಹೈಯರ್ ಪರೀಕ್ಷೆ. ಹೊನ್ನಾಳಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದೆ. ಅಲ್ಲಿ ನನ್ನದೊಂದು ಪದ್ಧತಿ: ಹೊಸಬರಿಗೆ ಹಳೆಯ, ಗಟ್ಟಿ ಕೀಲಿಯ ಮಿಷಿನ್ನು. ಎ, ಎಸ್, ಡಿ, ಎಫ್ ಎಂದು ಕುಟ್ಟಿ ಕುಟ್ಟಿ ಕಿರುಬೆರಳು ಬಾತುಕೊಳ್ಳಬೇಕು. ಎಣ್ಣೆ ಬಿಟ್ಟ ಒಳ್ಳೆಯ ಮಿಷಿನ್ನು ಪರೀಕ್ಷೆ ಹತ್ತಿರ ಬಂದವರಿಗೆ ಮಾತ್ರ. ಗಟ್ಟಿಯದರಲ್ಲಿ ಪಳಗಿದ ಬೆರಳು ಹಗುರಾದುದರ ಮೇಲೆ ಕುದುರೆಯಂತೆ ಓಡುತ್ತದೆ ಎಂಬುದು ನನ್ನ ವೇದವಾಗಿತ್ತು. ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ. ನಾನು ಹೊಡೆಯುತ್ತಿರಲಿಲ್ಲ. ಹಾಳೆಯನ್ನು ರೋಲರಿನಿಂದ ಕರ್ ಎಂದು ಎಳೆದು ತೆಗೆಯುತ್ತಿದ್ದೆ. ಆ ಸದ್ದಿಗೇ ಹುಡುಗರು ಬೆವರುತ್ತಿದ್ದರು. ಅವರು ಬೆವರಿದರೆ ನಾನು ಚೆನ್ನಾಗಿ ಕಲಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ.

ಕಂಪ್ಯೂಟರ್ ಬಂದು ಟೈಪಿಂಗಿಗೆ ಕುತ್ತು ತಂದಿತು. ನಾನೂ ಎಲ್ಲಿಂದಲೋ ಮೂರು ಹಳೆಯ ಕಂಪ್ಯೂಟರ್ ತಂದು ಬೋರ್ಡು ಬದಲಾಯಿಸಿದೆ. ಪಾಠಕ್ಕೆ ಡಿಪ್ಲೊಮಾ ಮುಗಿಸಿದ ಒಬ್ಬ ಹೆಣ್ಣುಮಗಳನ್ನು ಇಟ್ಟುಕೊಂಡೆ. ಜಗಳೂರು ಸೀಮೆಯ ಸೊಕ್ಕೆ ಎಂಬ ಹಳ್ಳಿಯವರು, ಹೊನ್ನಾಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದರು. ಮಕ್ಕಳು ಮೇಡಂ ಎನ್ನುತ್ತಿದ್ದರು. ಅವರು ಬೇಸಿಕ್ ಎಂಬ ಭಾಷೆಯಿಂದ ಶುರುಮಾಡಿದರು. ಮೊದಲ ದಿನವೇ ಮಕ್ಕಳು ಒಂದು ಸಾಲು ಬರೆದು ತಮ್ಮ ಹೆಸರನ್ನು ಪರದೆಯ ಮೇಲೆ ತರಿಸಿದರು. ಇನ್ನೊಂದು ಸಾಲು ಸೇರಿಸಿದರೆ ಅದೇ ಹೆಸರು ನಿಲ್ಲದೆ ಮೇಲಿಂದ ಕೆಳಗೆ ಸುರಿಯುತ್ತಿತ್ತು. "ಮೇಡಂ, ನಿಲ್ಸಾಕೆ ಬರವಲ್ದು!" ಎಂದು ಒಂದು ಹುಡುಗಿ ಕೂಗಿದರೆ ಎಲ್ಲರೂ ಬಿದ್ದು ಬಿದ್ದು ನಗುವರು. ಮೇಡಮ್ಮೂ ನಗುವರು. ಪಕ್ಕದ ಕೋಣೆಯಲ್ಲಿ ನನಗೆ ಮೈ ಉರಿಯುತ್ತಿತ್ತು. ನಗುತ್ತಾ ಕಲಿತದ್ದನ್ನು ವಿದ್ಯೆ ಎನ್ನುತ್ತಾರೆಯೆ?

ಅಷ್ಟರಲ್ಲಿ ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಬಂದರು. ಅವರ ಮಗಳು ಹೊನ್ನಾಳಿಯ ಅಜ್ಜಿ ಮನೆಯಲ್ಲಿದ್ದುಕೊಂಡು ನಮ್ಮಲ್ಲಿಗೆ ಬರುತ್ತಿದ್ದಳು.

"ಏನ್ರೀ ಸಾರ್, ನಮ್ಮುಡುಗಿ ಇನ್ನೂ ತನ್ ಹೆಸ್ರೇ ಬರೀತಾಳಂತೆ? ಅದನ್ನ ಅಂಗನವಾಡ್ಯಾಗೇ ಕಲ್ಸಿದ್ರಲ್ರೀ! ದಾವಣಗೆರ್ಯಾಗೆ ಸಿ ಅಂತ ಐತಂತೆ, ಅದನ್ನ ಹಾಕ್ರಿ."

ಸಿ ಎಂದರೇನೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಷ್ಟದ್ದು ಎಂದು ಇಬ್ಬರೂ ಕೇಳಿದ್ದೆವು, ಅಷ್ಟು ಸಾಕಾಯಿತು. ಸೋಮವಾರದಿಂದ ಎಲ್ಲರಿಗೂ ಸಿ ಎಂದು ಮೇಡಂಗೆ ಹೇಳಿದೆ.

"ಸಾರ್, ಮೊದ್ಲನೇ ಭಾಷೆ ಸುಲಭ ಇರ್ಬೇಕು. ತಪ್ಪಾದ್ರೆ ಎಲ್ಲಿ ತಪ್ಪಾತು ಅಂತ ಮಗೀಗೇ ಕಾಣ್ಬೇಕು. ಇದ್ರಾಗೆ ಒಂದು ಸೆಮಿಕೋಲನ್ ಬಿಟ್ರೆ ಪರದೆ ತುಂಬಾ ಬೈಗುಳ ಬರ್ತಾವೆ."

"ಬರ್ಲಿ ಬಿಡಮ್ಮ. ಗಟ್ಟಿ ಮಿಷಿನ್ನಾಗೆ ಕುಟ್ಟಿದ್ರೇನೇ ಬೆರಳಿಗೆ ಬಲ."

"ಬೆರಳಿಗೆ ಬಲ ಬರೋದು ಬ್ಯಾರೆ ಸಾರ್, ತಲೆಗೆ ಧೈರ್ಯ ಬರೋದು ಬ್ಯಾರೆ."

ಮಾತಿನಲ್ಲಿ ಸೋತ ಯಜಮಾನ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ದನಿ ಏರಿಸಿದೆ.

ಸಿ ಶುರುವಾಯಿತು. ಮೇಡಂ ಮನಸ್ಸಿಟ್ಟೇ ಕಲಿಸಿದರು, ಸುಳ್ಳು ಹೇಳಬಾರದು. ಆದರೆ ಮಕ್ಕಳು ಬೋರ್ಡಿನ ಮೇಲಿದ್ದದ್ದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಹೊಡೆಯತೊಡಗಿದರು. ತಪ್ಪು ತೋರಿಸುವ ಕೆಂಪು ಸಾಲು ಬಂದರೆ ಪರದೆಗೆ ಬೆನ್ನು ಹಾಕಿ ಕೂರುವರು. ನಾನೂ ಬೆನ್ನ ಹಿಂದೆ ನಿಂತು ಆ ಕೆಂಪು ಸಾಲುಗಳನ್ನೇ ತೋರಿಸಿ ಆಡಿಕೊಳ್ಳುತ್ತಿದ್ದೆ, ಟೈಪಿಂಗಿನ ಅಭ್ಯಾಸ ನೋಡಿ. ಒಬ್ಬೊಬ್ಬರೇ ಬಿಟ್ಟರು. ಕೊನೆಗೆ ಚನ್ನಗಿರಿಯ ಆ ಸಾಹುಕಾರರೂ ಮಗಳನ್ನು ಬಿಡಿಸಲು ಬಂದು, ಮಕ್ಕಳೆಲ್ಲ ಕೂತಿರುವಾಗಲೇ, "ಹುಡುಗಿಗೆ ಒಂದಕ್ಷರ ತಿಳೀವಲ್ದಂತಲ್ರೀ" ಎಂದರು.

"ಏನ್ಮಾಡಾಕಾಗುತ್ತೆ ಸಾರ್, ಈ ಯಮ್ಮಗೇ ಸಿ ಬರಲ್ಲ. ಅದಕ್ಕೇ ಸುಲಭದ್ದು ಹಿಡ್ಕೊಂಡು ಕುಂತಿದ್ಲು" ಎಂದುಬಿಟ್ಟೆ.

ಮೇಡಂ ನನ್ನನ್ನು ಒಮ್ಮೆ ನೋಡಿದರು. ಬೋರ್ಡು ಒರೆಸಿದರು, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಿಟ್ಟಿನಲ್ಲಿ ಆಡಿದ ಮಾತು ಎನ್ನಬಹುದಿತ್ತು. ಮುಂದಿನದಕ್ಕೆ ಆ ನೆಪವೂ ಇಲ್ಲ. ಕೆಲವು ತಿಂಗಳಾದ ಮೇಲೆ ಜಗಳೂರಿನ ಒಂದು ಶಾಲೆಯಿಂದ ಫೋನು ಬಂತು. ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಮೇಡಂ ಅರ್ಜಿ ಹಾಕಿದ್ದರು. ಮೊದಲು ಎಲ್ಲಿದ್ದಿರಿ ಎಂದು ಕೇಳಿದ್ದಕ್ಕೆ ನನ್ನ ಹೆಸರು ಕೊಟ್ಟಿದ್ದರಂತೆ. ನೋಡಿ, ಅಷ್ಟಾದ ಮೇಲೂ ನಾನು ನಿಜ ಹೇಳುತ್ತೇನೆಂದು ನಂಬಿದ್ದರು. "ಹೆಂಗೆ ಸಾರ್ ಅವರು?" ಎಂದರು ಹೆಡ್‌ಮಾಸ್ಟರು. ಯೋಚಿಸಲು ಬೇಕಾದಷ್ಟು ಹೊತ್ತಿತ್ತು; ಯೋಚಿಸಿಯೇ ಹೇಳಿದೆ: "ಒಳ್ಳೆಯವರೇ. ಆದ್ರೆ ನಿಮ್ ಸ್ಕೂಲಿಗೆ ಸಾಲಲ್ಲ." ಅಲ್ಲಿ ಅವರು ಗೆದ್ದರೆ ಇಲ್ಲಿ ಸೋತವರು ಯಾರೆಂದು ಹೊನ್ನಾಳಿಗೆ ತಿಳಿಯುತ್ತಿತ್ತು. ಆ ಕೆಲಸ ಅವರಿಗೆ ಸಿಗಲಿಲ್ಲ.

ವರ್ಷಗಳ ಮೇಲೆ ಜಗಳೂರಿನ ಬಸ್ಸಿನಲ್ಲಿ ಅವರನ್ನು ಕಂಡೆ. ಎರಡು ಸೀಟು ಮುಂದೆ ಕೂತು, ಫಾಲ್ ಹಚ್ಚಬೇಕಾದ ಸೀರೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದಾಕೆಗೆ, "ಹಳ್ಳಿಗೆ ಒಯ್ದು ಹೊಲ್ದು ಕೊಡ್ತೀನಿ ಕಣಕ್ಕ, ಹೆಂಗೋ ನಡೀತೈತೆ" ಎನ್ನುತ್ತಿದ್ದರು. ಹೊಲಿಗೆ ಕೀಳು ಕೆಲಸವಲ್ಲ. ಆದರೆ ಅದು ಅವರು ಆರಿಸಿಕೊಂಡದ್ದಲ್ಲ, ನಾನು ಆರಿಸಿಕೊಟ್ಟದ್ದು. ಎದ್ದು ಹೋಗಿ ಒಂದು ಮಾತು ಆಡಬಹುದಿತ್ತು. ನಾನು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದವನಂತೆ ಕೂತೆ. ಅವರು ಇಳಿಯುವವರೆಗೂ ಟವೆಲ್ಲು ಸರಿಸಲಿಲ್ಲ.

ಮೊನ್ನೆ ಸೊಸೆಗೆ ನಾನು ಏನು ಉತ್ತರ ಕೊಟ್ಟೆ ಗೊತ್ತೆ? "ಮೊದ್ಲನೇ ಭಾಷೆ ಸುಲಭ ಇರ್ಬೇಕಮ್ಮ. ತಪ್ಪಾದ್ರೆ ಎಲ್ಲಿ ತಪ್ಪಾತು ಅಂತ ಮಗೀಗೇ ಕಾಣ್ಬೇಕು" ಎಂದೆ. ಅವಳ ಮುಖ ಅರಳಿತು. "ಅಬ್ಬಾ ಮಾವ, ಆಗ್ಲೇ ಇಷ್ಟೆಲ್ಲ ಯೋಚ್ನೆ ಮಾಡಿದ್ರಾ! ಸ್ಕೂಲ್ ಮೀಟಿಂಗ್‌ನಾಗೆ ನಮ್ಮ ಮಾವ ಹಿಂಗಂದ್ರು ಅಂತ ಹೇಳ್ತೀನಿ" ಎಂದಳು. ನಾನು ತಲೆಯಾಡಿಸಿದೆ. ಮೇಡಂ ಕೆಲಸ ಕಿತ್ತುಕೊಂಡದ್ದು ಸಾಲದೆ ಈ ವಯಸ್ಸಿನಲ್ಲಿ ಮಾತನ್ನೂ ಕಿತ್ತುಕೊಂಡೆ.

ಇವತ್ತು ಬೆಳಿಗ್ಗೆ ಅವಳು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ತಡೆದು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ನನಗೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ಬಸ್ಸಿಗೆ ಹೊತ್ತಾದರೂ ನಿಂತೇ ಇದ್ದಳು.

"ಅವರತ್ರ ಕ್ಷಮೆ ಕೇಳಿದ್ರಾ ಮಾವ?"

"ಇಲ್ಲ."

"ಅವರ ಹೆಸರೇನು? ಮೀಟಿಂಗ್‌ನಾಗೆ ಅವರ ಹೆಸ್ರೇ ಹೇಳ್ತೀನಿ."

ಹೇಳಿದೆ. ಸೊಕ್ಕೆಯ ಹಾಲಮ್ಮ.